ಕೇದಗೆ ಮರದ ಕೆಳಗೆ ಮಲಗಿದ ಪಾದ್ರಿ

ಈ ಅಂಕಣದಲ್ಲಿ ನಾವು ಇಲ್ಲಿಯತನಕ ಬರೆದದ್ದು ಹೆಚ್ಚಾಗಿ ನಮ್ಮ ಕಸುಬಿನವರ ಬಗ್ಗೆಯೇ. ಅಣೆಕಟ್ಟು ಕಟ್ಟಿದವರು, ರೈಲು ಹಳಿ ಹಾಕಿದವರು, ಯಂತ್ರ ಕಂಡುಹಿಡಿದವರು. ಈ ಸಲ ಒಬ್ಬ ಪಾದ್ರಿಯ ಬಗ್ಗೆ ಬರೆಯೋಣ ಅಂದಾಗ ನಮ್ಮ ಬಳಗದಲ್ಲೇ ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಚರ್ಚಿನ ವಿಷಯ ಇಂಜಿನಿಯರಿಂಗ್ ಹುಡುಗರಿಗೆ ಯಾಕೆ ಅಂತ. ಆದರೆ ಈ ಪಾದ್ರಿ ಬಡಗಿ. ಮನೆ ಕಟ್ಟಿದವರು, ಬೆಟ್ಟದ ಕಣಿವೆಯಿಂದ ಊರಿಗೆ ನೀರಿನ ಪೈಪು ಎಳೆಸಿದವರು, ಲೆಕ್ಕವಿಲ್ಲದಷ್ಟು ಶವಪೆಟ್ಟಿಗೆಗಳಿಗೆ ತಾವೇ ಮೊಳೆ ಹೊಡೆದವರು. ಯಾವ ಡಿಗ್ರಿಯೂ ಇರಲಿಲ್ಲ. ಓದಿನಲ್ಲಿ ಹಿಂದೆ ಇದ್ದಾನೆ ಅಂತ ಮೊದಲು ಪಾದ್ರಿ ಪಟ್ಟಕ್ಕೇ ಬೇಡ ಅಂದಿದ್ದರು. ಬ್ಯಾಕ್‌ಲಾಗ್ ಇರುವ ಗೆಳೆಯರು ಇಲ್ಲಿ ಸ್ವಲ್ಪ ನೆಟ್ಟಗೆ ಕೂತು ಓದಬಹುದು.

ಅವರ ಹೆಸರು ಫಾದರ್ ಡೇಮಿಯನ್. ಹುಟ್ಟಿದ್ದು 1840ರ ಜನವರಿ 3ರಂದು, ಬೆಲ್ಜಿಯಂನ ಟ್ರೆಮೆಲೊ ಎಂಬ ಹಳ್ಳಿಯಲ್ಲಿ. ಮನೆಯವರು ಇಟ್ಟ ಹೆಸರು ಜೋಸೆಫ್ ಡಿ ವೂಸ್ಟರ್. ಅಪ್ಪ ಬೇಸಾಯದ ಜೊತೆಗೆ ದವಸದ ವ್ಯಾಪಾರ ಮಾಡುತ್ತಿದ್ದರು. ಹುಡುಗ ಗಟ್ಟಿಮುಟ್ಟಾಗಿದ್ದ, ಮೂಟೆ ಹೊರುತ್ತಿದ್ದ, ಲೆಕ್ಕ ಬರುತ್ತಿತ್ತು. ವ್ಯಾಪಾರ ಇವನೇ ನೋಡಿಕೊಳ್ಳಲಿ ಅಂತ ಅಪ್ಪ ಫ್ರೆಂಚ್ ಕಲಿಯಲು ಬೇರೆ ಊರಿಗೆ ಕಳಿಸಿದರು. ಅಲ್ಲಿ ಹುಡುಗನ ಮನಸ್ಸು ಬೇರೆ ದಾರಿ ಹಿಡಿಯಿತು. ಅಣ್ಣ ಆಗಲೇ ಲೂವೆನ್‌ನಲ್ಲಿ ಯೇಸು ಮತ್ತು ಮರಿಯಳ ಪವಿತ್ರ ಹೃದಯಗಳ ಸಭೆ ಸೇರಿ ಪಾಂಫಿಲ್ ಎಂದು ಹೆಸರು ಬದಲಿಸಿಕೊಂಡಿದ್ದರು. 1859ರಲ್ಲಿ ತಮ್ಮನೂ ಅಲ್ಲಿಗೇ ಹೋಗಿ ಸೇರಿದ. ಹೊಸ ಹೆಸರಾಗಿ ಡೇಮಿಯನ್ ಎಂದು ಇಟ್ಟುಕೊಂಡ. ಹಳೆಯ ಕಾಲದಲ್ಲಿ ರೋಗಿಗಳಿಂದ ಕಾಸು ಮುಟ್ಟದೆ ವೈದ್ಯ ಮಾಡುತ್ತಿದ್ದ ಅಣ್ಣತಮ್ಮಂದಿರಲ್ಲಿ ಒಬ್ಬ ಸಂತನ ಹೆಸರು ಅದು.

ಲ್ಯಾಟಿನ್ ಬಾರದೆ ಪಾದ್ರಿಯಾಗುವ ಹಾಗಿರಲಿಲ್ಲ. ಹಿರಿಯರು ಇವನನ್ನು ಸಹಾಯಕ ಬ್ರದರ್ ಆಗಿ ಇಟ್ಟುಕೊಳ್ಳೋಣ ಅಂದುಕೊಂಡರು. ರಾತ್ರಿ ಹೊತ್ತು ಅಣ್ಣನ ಹತ್ತಿರ ಲ್ಯಾಟಿನ್ ಹೇಳಿಸಿಕೊಂಡು, ಕೆಲವೇ ತಿಂಗಳಲ್ಲಿ ಅವರ ಅಭಿಪ್ರಾಯ ಬದಲಾಗುವಷ್ಟು ಕಲಿತುಬಿಟ್ಟ. 1860ರಲ್ಲಿ ಪ್ಯಾರಿಸ್‌ನಲ್ಲಿ ಕೊನೆಯ ವ್ರತ ತೆಗೆದುಕೊಂಡಾಗ ಅಲ್ಲೊಂದು ಪದ್ಧತಿ ಇತ್ತು. ವ್ರತ ಹಿಡಿಯುವವನು ನೆಲದ ಮೇಲೆ ಉದ್ದಕ್ಕೆ ಮಲಗಬೇಕು, ಅವನ ಮೇಲೆ ಹೆಣಕ್ಕೆ ಹೊದಿಸುವ ಬಟ್ಟೆ ಹೊದಿಸುತ್ತಾರೆ. ಇನ್ನು ನಿನಗಾಗಿ ಬದುಕುವ ಬದುಕು ಮುಗಿಯಿತು ಎಂಬ ಅರ್ಥ. ಬಹಳ ಜನರಿಗೆ ಇದು ಬರೀ ಸಂಸ್ಕಾರ. ಡೇಮಿಯನ್ ಮಾತ್ರ ಆ ಬಟ್ಟೆಯನ್ನು ಕೊನೆಯವರೆಗೂ ನೆನಪಿಟ್ಟುಕೊಂಡಿದ್ದರು.

ಹವಾಯಿಗೆ ಹೋಗಬೇಕಾಗಿದ್ದವರು ಡೇಮಿಯನ್ ಅಲ್ಲವೇ ಅಲ್ಲ, ಅಣ್ಣ ಪಾಂಫಿಲ್. ಹಡಗಿನಲ್ಲಿ ಜಾಗವೂ ಗೊತ್ತಾಗಿತ್ತು. ಅಷ್ಟರಲ್ಲಿ ಅಣ್ಣನಿಗೆ ಟೈಫಸ್ ಜ್ವರ ಹಿಡಿಯಿತು. ಇನ್ನೂ ಓದು ಮುಗಿಯದ ತಮ್ಮ, ತನ್ನ ಊರಿನ ಹಿರಿಯರನ್ನು ದಾಟಿ, ಸೀದಾ ಪ್ಯಾರಿಸ್‌ನಲ್ಲಿದ್ದ ಮುಖ್ಯಸ್ಥರಿಗೇ ಕಾಗದ ಬರೆದು ನಾನು ಹೋಗುತ್ತೇನೆ ಅಂದ. ಒಪ್ಪಿಗೆ ಬಂತು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಡಗಿನಲ್ಲಿ ಕಳೆದು 1864ರ ಮಾರ್ಚ್ 19ರಂದು ಹೊನೊಲುಲು ತಲುಪಿದರು. ಎರಡು ತಿಂಗಳಲ್ಲಿ ಅಲ್ಲಿಯ ದೊಡ್ಡ ಚರ್ಚಿನಲ್ಲಿ ಪಾದ್ರಿ ಪಟ್ಟ ಆಯಿತು. ಇಲ್ಲಿಂದ ಮುಂದೆ ನಾವೂ ಏಕವಚನ ಬಿಟ್ಟು ಬಹುವಚನಕ್ಕೆ ಬರುತ್ತೇವೆ.

ಮುಂದಿನ ಒಂಬತ್ತು ವರ್ಷ ಹವಾಯಿಯ ದೊಡ್ಡ ದ್ವೀಪದಲ್ಲಿ, ಜ್ವಾಲಾಮುಖಿಗಳ ಮಧ್ಯೆ ಹರಡಿದ ಹಳ್ಳಿಗಳಲ್ಲಿ ಕೆಲಸ. ಮೊದಲು ಪುನಾ, ಆಮೇಲೆ ಕೊಹಾಲಾ. ಕುದುರೆ ಮೇಲೆ, ಕಾಲ್ನಡಿಗೆಯಲ್ಲಿ, ದೋಣಿಯಲ್ಲಿ ತಿರುಗಾಟ. ಸ್ಥಳೀಯ ಭಾಷೆ ಕಲಿತರು. ಪ್ರಾರ್ಥನೆಗೆ ಜಾಗ ಇಲ್ಲ ಅಂದರೆ ಮರ ತಂದು ತಾವೇ ಕಟ್ಟುತ್ತಿದ್ದರು. ಬಡಗಿತನ ಕೈಗೆ ಹತ್ತಿದ್ದು ಇಲ್ಲಿ. ಈ ಒಂಬತ್ತು ವರ್ಷವನ್ನು ನಾವು ಇಷ್ಟಕ್ಕೇ ಬಿಡುತ್ತೇವೆ, ಯಾಕೆಂದರೆ ಹೇಳಬೇಕಾದದ್ದು ಮುಂದೆ ಇದೆ.

ಅದಕ್ಕೆ ಮೊದಲು ಹವಾಯಿಯ ಪರಿಸ್ಥಿತಿ ಸ್ವಲ್ಪ ಗೊತ್ತಿರಬೇಕು. ಆಗ ಅದು ಅಮೆರಿಕದ ರಾಜ್ಯ ಅಲ್ಲ, ತನ್ನದೇ ರಾಜನಿದ್ದ ದೇಶ. 1778ರಲ್ಲಿ ಕ್ಯಾಪ್ಟನ್ ಕುಕ್ ಬಂದಾಗಿನಿಂದ ಹೊರಗಿನ ಹಡಗುಗಳ ಜೊತೆ ಹೊರಗಿನ ಕಾಯಿಲೆಗಳೂ ಬಂದವು. ಸಿಡುಬು, ದಡಾರ, ಸಿಫಿಲಿಸ್. ಲಕ್ಷಗಟ್ಟಲೆ ಇದ್ದ ಜನ 1872ರ ಜನಗಣತಿಯ ಹೊತ್ತಿಗೆ ಸುಮಾರು 57 ಸಾವಿರಕ್ಕೆ ಇಳಿದಿದ್ದರು, ಅದರಲ್ಲೂ ವಲಸೆ ಬಂದವರು ಸೇರಿ. ಇಂಥ ಹೊತ್ತಲ್ಲಿ ಕುಷ್ಠರೋಗ ಹರಡಲು ಶುರುವಾಯಿತು. ಔಷಧಿ ಯಾರ ಬಳಿಯೂ ಇರಲಿಲ್ಲ. 1865ರಲ್ಲಿ ಐದನೆಯ ಕಮೆಹಮೆಹಾ ರಾಜ ಒಂದು ಕಾನೂನಿಗೆ ಸಹಿ ಹಾಕಿದ. ಕುಷ್ಠ ಇದೆ ಅಂತ ಗೊತ್ತಾದವರನ್ನು ಹಿಡಿದು ಬೇರೆ ಜಾಗದಲ್ಲಿ ಇಡಬೇಕು ಎಂಬುದು ಅದರ ಸಾರ.

ಆ ಬೇರೆ ಜಾಗವನ್ನು ಆರಿಸಿದವರು ಭೂಗೋಳ ಚೆನ್ನಾಗಿ ಓದಿಕೊಂಡವರೇ ಇರಬೇಕು. ಮೊಲೊಕಾಯಿ ದ್ವೀಪದ ಉತ್ತರ ದಡದಲ್ಲಿ ನಾಲಗೆ ಚಾಚಿದ ಹಾಗೆ ಒಂದು ಚಪ್ಪಟೆ ನೆಲ. ಮೂರು ಕಡೆ ಅಬ್ಬರದ ಸಮುದ್ರ. ನಾಲ್ಕನೇ ಕಡೆ ನೆಟ್ಟಗೆ ಎದ್ದು ನಿಂತ ಸುಮಾರು 2000 ಅಡಿಯ ಬೆಟ್ಟದ ಗೋಡೆ. ಕಾವಲಿಗೆ ಪೊಲೀಸರೂ ಬೇಕಿಲ್ಲ. 1866ರ ಜನವರಿಯಲ್ಲಿ ಮೊದಲ 12 ಜನರನ್ನು ಅಲ್ಲಿಯ ಕಲಾವಾವೊ ಎಂಬಲ್ಲಿ ಇಳಿಸಿದರು. ಅವರೇ ಉತ್ತು ಬಿತ್ತು ಬೆಳೆದುಕೊಳ್ಳುತ್ತಾರೆ ಎಂಬುದು ಸರ್ಕಾರದ ಲೆಕ್ಕಾಚಾರ. ಬೆರಳು ಉದುರುತ್ತಿರುವವರು ನೇಗಿಲು ಹಿಡಿಯುವುದು ಹೇಗೆ ಅಂತ ಯಾರೂ ಕೇಳಿದ ಹಾಗಿಲ್ಲ.

ಇಲ್ಲಿ ಒಂದು ಮಾತು ನಿಲ್ಲಿಸಿ ಹೇಳಬೇಕು. ಡೇಮಿಯನ್ನರ ಕಥೆ ಹೇಳುವ ಬಹಳ ಪುಸ್ತಕಗಳಲ್ಲಿ ಅವರು ಬರುವ ಮೊದಲು ಅಲ್ಲಿ ಬರೀ ಕುಡಿತ, ಹೊಡೆದಾಟ, ಕತ್ತಲೆ ಎಂದು ಇರುತ್ತದೆ. ಕುಡಿತ ಇತ್ತು, ಹೊಡೆದಾಟವೂ ಇತ್ತು. ಆದರೆ ಅಷ್ಟೇ ಇತ್ತು ಅನ್ನುವುದು ಸುಳ್ಳು. ಬಂದ ಮೊದಲ ವರ್ಷವೇ, 1866ರ ಕೊನೆಗೆ, 35 ರೋಗಿಗಳು ಸೇರಿ ಸಿಲೋವಾಮ ಎಂಬ ಪ್ರಾಟೆಸ್ಟೆಂಟ್ ಸಭೆ ಕಟ್ಟಿಕೊಂಡಿದ್ದರು. ಗಂಡನಿಗೆ ಕಾಯಿಲೆ ಬಂತು ಅಂತ ಹೆಂಡತಿ, ಮಗುವಿಗೆ ಬಂತು ಅಂತ ತಾಯಿ, ತಮಗೆ ರೋಗ ಇಲ್ಲದಿದ್ದರೂ ಜೊತೆಗೆ ಹೋಗಿ ಅಲ್ಲೇ ಉಳಿದವರಿದ್ದರು. ಹವಾಯಿ ಭಾಷೆಯಲ್ಲಿ ಅವರನ್ನು ಕೊಕುವಾ, ಅಂದರೆ ಸಹಾಯಕರು, ಅನ್ನುತ್ತಿದ್ದರು. ಡೇಮಿಯನ್ ಬಂದ ವರ್ಷವೇ ಜೊನಾಥನ್ ನಾಪೆಲಾ ಎಂಬ ಹವಾಯಿಯ ಮಾರ್ಮನ್ ಮುಖಂಡರೊಬ್ಬರು ಕಾಯಿಲೆ ಬಂದ ಹೆಂಡತಿಯ ಜೊತೆ ಬಂದರು. ಕೊನೆಗೆ ಅವರಿಗೂ ರೋಗ ತಗುಲಿ 1879ರಲ್ಲಿ ಹೆಂಡತಿಗಿಂತ ಮೊದಲೇ ತೀರಿಕೊಂಡರು. ಅವರೂ ಡೇಮಿಯನ್ನರೂ ಬೇರೆ ಬೇರೆ ಪಂಗಡದವರಾದರೂ ಸ್ನೇಹಿತರಾಗಿದ್ದರು. ಕೊಕುವಾಗಳಿಗೆ ಯಾರೂ ಪ್ರತಿಮೆ ನಿಲ್ಲಿಸಲಿಲ್ಲ. ಡೇಮಿಯನ್ನರ ಬಗ್ಗೆ ಬರೆಯುವಾಗ ಇವರನ್ನು ಬಿಟ್ಟು ಬರೆಯಲು ನಮಗೆ ಮನಸ್ಸು ಬರಲಿಲ್ಲ.

1873ರ ಮೇ ತಿಂಗಳು. ಮಾವಿ ದ್ವೀಪದಲ್ಲಿ ಹೊಸ ಚರ್ಚಿನ ಉದ್ಘಾಟನೆಗೆ ಪಾದ್ರಿಗಳೆಲ್ಲ ಸೇರಿದ್ದರು. ಬಿಷಪ್ ಮೈಗ್ರೆ ಮೊಲೊಕಾಯಿಯ ರೋಗಿಗಳ ಮಾತೆತ್ತಿದರು. ಅಲ್ಲಿಯ ಕ್ಯಾಥೊಲಿಕರು ಒಬ್ಬ ಪಾದ್ರಿ ಬೇಕು ಅಂತ ಕೇಳುತ್ತಲೇ ಇದ್ದರು. ಹೋಗು ಅಂತ ಆಜ್ಞೆ ಮಾಡಲು ಬಿಷಪ್ಪರಿಗೆ ಬಾಯಿ ಬರಲಿಲ್ಲ. ಅದು ಸಾಯಲು ಕಳಿಸಿದ ಹಾಗೆ. ನಾಲ್ವರು ಯುವ ಪಾದ್ರಿಗಳು ತಾವಾಗಿಯೇ ಮುಂದೆ ಬಂದರು. ಸರದಿಯ ಪ್ರಕಾರ ಕೆಲವು ತಿಂಗಳು ಒಬ್ಬೊಬ್ಬರು ಹೋಗಿಬರುವುದು ಎಂದು ಮಾತಾಯಿತು. ಮೊದಲ ಸರದಿ ಡೇಮಿಯನ್ನರದು. ಮೇ 10ರಂದು ದನಗಳನ್ನೂ ಹೊಸ ರೋಗಿಗಳನ್ನೂ ತುಂಬಿಕೊಂಡ ಹಡಗಿನಲ್ಲಿ ಅಲ್ಲಿ ಇಳಿದರು. ಆಗ ವಯಸ್ಸು 33. ಇಳಿದ ಕೆಲವೇ ದಿನಗಳಲ್ಲಿ ನಾನು ಇಲ್ಲೇ ಇರುತ್ತೇನೆ, ಸರದಿ ಬೇಡ ಎಂದು ಮೇಲಿನವರಿಗೆ ಬರೆದುಬಿಟ್ಟರು. ಎರಡನೇ ಸರದಿ ಬರಲೇ ಇಲ್ಲ.

ಇರಲು ಮನೆ ಇರಲಿಲ್ಲ. ಸಂತ ಫಿಲೊಮಿನಾ ಹೆಸರಿನ ಪುಟ್ಟ ಚರ್ಚು ಹಿಂದಿನ ವರ್ಷವಷ್ಟೇ ಕಟ್ಟಿದ್ದಿತ್ತು. ಅದರ ಪಕ್ಕದಲ್ಲಿ ಕೇದಗೆ ಜಾತಿಯ ಒಂದು ಮರ. ನಮ್ಮ ಕರಾವಳಿಯ ಗೆಳೆಯರಿಗೆ ಆ ಮರದ ಬೇರು, ಮುಳ್ಳಿನೆಲೆ ಹೇಗಿರುತ್ತದೆ ಅಂತ ವಿವರಿಸಬೇಕಿಲ್ಲ. ಮೊದಲ ಕೆಲವು ವಾರ ಅದರ ಕೆಳಗೇ ಮಲಗಿದರು. ಒಂದು ಕಲ್ಲು ಊಟದ ಮೇಜಾಯಿತು.

ಮೊದಲ ದಿನಗಳಲ್ಲಿ ಅವರೂ ಹೇಸಿಕೊಂಡರು. ಇದನ್ನು ಅವರು ಮುಚ್ಚಿಡಲಿಲ್ಲ, ಮನೆಗೆ ಬರೆದ ಕಾಗದಗಳಲ್ಲೇ ಹೇಳಿಕೊಂಡಿದ್ದಾರೆ. ಹುಣ್ಣುಗಳ ವಾಸನೆ ತಡೆಯಲಾರದೆ ಪೂಜೆ ನಡುವೆಯೇ ಹೊರಗೆ ಓಡಿ ಗಾಳಿ ಕುಡಿಯಬೇಕು ಅನ್ನಿಸುತ್ತಿತ್ತಂತೆ. ಬಟ್ಟೆಗೆ ಹತ್ತಿದ ವಾಸನೆ ಗೊತ್ತಾಗದಿರಲಿ ಅಂತ ಹೊಗೆಸೊಪ್ಪಿನ ಪೈಪು ಸೇದಲು ಶುರು ಮಾಡಿದರು. ಪ್ರೀತಿ ಅಂದರೆ ಎದೆಯಲ್ಲಿ ತಾನಾಗಿ ಉಕ್ಕುವ ಭಾವನೆ ಅಂತ ನಾವು ಅಂದುಕೊಂಡಿರುತ್ತೇವೆ. ಇವರಿಗೆ ಮೊದಲು ಬಂದದ್ದು ವಾಕರಿಕೆ. ಆದರೂ ಹೋಗಿ ಮುಟ್ಟಿದರು.

ಮುಟ್ಟುವುದು ಅಲ್ಲಿ ಸಣ್ಣ ವಿಷಯ ಆಗಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ವೈದ್ಯರೊಬ್ಬರು ಕೈಬೆತ್ತದ ತುದಿಯಿಂದ ಗಾಯದ ಬಟ್ಟೆ ಎತ್ತಿ ನೋಡುತ್ತಿದ್ದರು ಎಂಬ ಮಾತು ಉಳಿದುಬಂದಿದೆ. ಡೇಮಿಯನ್ ಹುಣ್ಣು ತೊಳೆದರು, ಪಟ್ಟಿ ಕಟ್ಟಿದರು. ಕೆಸುವಿನ ಗೆಡ್ಡೆ ಬೇಯಿಸಿ ಅರೆದು ಮಾಡುವ ಪೊಯಿ ಎಂಬ ಗಂಜಿ ಹವಾಯಿಯವರ ನಿತ್ಯದ ಊಟ. ಎಲ್ಲರೂ ಒಂದೇ ಬಟ್ಟಲಿಗೆ ಬೆರಳು ಹಾಕಿ ತಿನ್ನುವುದು ರೂಢಿ. ಅದೇ ಬಟ್ಟಲಿಗೆ ಇವರೂ ಬೆರಳು ಹಾಕಿದರು. ತಮ್ಮ ಪೈಪನ್ನು ಕೇಳಿದವರಿಗೆ ಸೇದಲು ಕೊಟ್ಟರು. ಕೊರೋನಾ ಕಾಲದಲ್ಲಿ ನಾವೆಲ್ಲ ಶಾಲೆಯಲ್ಲಿದ್ದವರು. ಪಾಸಿಟಿವ್ ಬಂದ ಮನೆಯ ಮುಂದೆ ಟೇಪು ಕಟ್ಟಿದ್ದು, ಆ ಬೀದಿಗೇ ಹೋಗದೆ ಸುತ್ತಿ ಬರುತ್ತಿದ್ದದ್ದು ನೆನಪಿದೆಯಲ್ಲ? ಆಗ ನಾವು ಮಾಡಿದ್ದು ತಪ್ಪು ಅಂತ ಹೇಳುತ್ತಿಲ್ಲ. ಅಂಥ ಕಾಲದಲ್ಲಿ ಒಬ್ಬ ಮನುಷ್ಯ ಟೇಪಿನ ಆ ಕಡೆಗೆ ಹೋಗಿ ಅಲ್ಲೇ ಹಾಸಿಗೆ ಹಾಸಿದರೆ ಒಳಗಿದ್ದವರಿಗೆ ಏನನ್ನಿಸಿರಬಹುದು ಅಂತ ಯೋಚಿಸುತ್ತಿದ್ದೇವೆ ಅಷ್ಟೇ.

ಈಗ ನಮ್ಮ ವಿಷಯಕ್ಕೆ ಬರೋಣ, ನೀರು. ಕಲಾವಾವೊದಲ್ಲಿ ನೀರಿನ ವ್ಯವಸ್ಥೆ ಇರಲಿಲ್ಲ. ಗಾಯ ತೊಳೆಯಬೇಕು ಅಂದರೆ, ನಡೆಯಲು ಆಗುವವರು ದೂರದ ಹಳ್ಳದಿಂದ ಎಣ್ಣೆ ಡಬ್ಬಗಳಲ್ಲಿ ಹೊತ್ತು ತರಬೇಕಿತ್ತು. ಕುಷ್ಠದಷ್ಟೇ ಕೊಳಕೂ ಅವರನ್ನು ಕೊಲ್ಲುತ್ತಿತ್ತು. ಡೇಮಿಯನ್ ಆರೋಗ್ಯ ಮಂಡಳಿಗೆ ಬರೆದರು, ಕೇಳಿದರು, ಕಾಡಿದರು. ಪೈಪುಗಳು ಬಂದವು. ವೈಹನಾವು ಎಂಬ ಕಣಿವೆಯ ತುದಿಯಲ್ಲಿ ಬೇಸಿಗೆಯಲ್ಲೂ ಬತ್ತದ ಮಡು ಇದೆ ಎಂದು ಕೇಳಿ, ಹುಡುಗರನ್ನು ಕರೆದುಕೊಂಡು ಹೋಗಿ ತಾವೇ ಅಳೆದು ನೋಡಿದರು. 18 ಅಡಿ ಆಳ ಸಿಕ್ಕಿತು. ಪಂಪಿಲ್ಲ, ಮೋಟಾರಿಲ್ಲ. ಎತ್ತರದಿಂದ ತಗ್ಗಿಗೆ ತಾನಾಗಿ ಹರಿಯುವ ನೀರು, ಅಷ್ಟೇ. ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ಪೈಪಿನ ಘರ್ಷಣೆಯ ನಷ್ಟ ಲೆಕ್ಕ ಹಾಕಿ ರೆಕಾರ್ಡ್ ಬರೆಯುವಾಗ ಈ ಪೈಪು ನೆನಪಾದರೆ ಒಳ್ಳೆಯದು.

1874ರ ಕೊನೆಯಲ್ಲಿ ದೊಡ್ಡ ಬಿರುಗಾಳಿ ಬಂದು ರೋಗಿಗಳ ಹುಲ್ಲು ಗುಡಿಸಲುಗಳು ಮಲಗಿಬಿಟ್ಟವು. ಜನ ಮಳೆಯಲ್ಲಿ, ಒದ್ದೆ ಕಂಬಳಿಯಲ್ಲಿ ಬಿದ್ದಿದ್ದರು. ಕೊಳೆತ ಗುಡಿಸಲುಗಳು ಹಾರಿಹೋದದ್ದು ಒಂದು ರೀತಿಯಲ್ಲಿ ಒಳ್ಳೆಯದಾಯಿತು. ಡೇಮಿಯನ್ ಮರಕ್ಕಾಗಿ ಮಂಡಳಿಗೆ ಬರೆದರು. ಹಡಗಿನಲ್ಲಿ ಚೌಕಟ್ಟಿನ ಮರ ಬಂತು. ದುಡ್ಡಿದ್ದವರು ಹಲಗೆ ಕೊಂಡು ಕಟ್ಟಿಸಿಕೊಂಡರು. ದುಡ್ಡಿಲ್ಲದವರ ಮನೆಗೆ ಡೇಮಿಯನ್ನರೇ ಬಡಗಿ, ರೋಗಿ ಹುಡುಗರೇ ಕೈಯಾಳುಗಳು. ನೆಲಕ್ಕೆ ತಾಗದ ಹಾಗೆ ಎತ್ತರಿಸಿದ, ಸುಣ್ಣ ಬಳಿದ ಸಾಲು ಮನೆಗಳು ಎದ್ದವು. ಅನಾಥ ಮಕ್ಕಳಿಗೆ ಮನೆ ಆಯಿತು. ಹಾಡುವ ತಂಡ, ವಾದ್ಯದ ತಂಡ ಆಯಿತು. ಇಬ್ಬರು ಪಕ್ಕಪಕ್ಕ ಕೂತು, ಇಬ್ಬರಿಗೂ ಸೇರಿ ಉಳಿದಿದ್ದ ಹತ್ತು ಬೆರಳಲ್ಲಿ ಆರ್ಗನ್ ನುಡಿಸುತ್ತಿದ್ದರು ಅಂತ ಹೇಳುತ್ತಾರೆ.

ಸತ್ತವರ ವಿಷಯ. ಶವಪೆಟ್ಟಿಗೆಗೆ ಕಾಸಿಲ್ಲದವರನ್ನು ಮೊದಲು ಕಂಬಳಿಯಲ್ಲಿ ಸುತ್ತಿ ಮೇಲೆಮೇಲೆ ಹೂಳುತ್ತಿದ್ದರು. ಹಂದಿ ನಾಯಿಗಳು ಕೆದಕುತ್ತಿದ್ದವು. ಡೇಮಿಯನ್ ಸ್ಮಶಾನಕ್ಕೆ ಬೇಲಿ ಹಾಕಿದರು, ಪೆಟ್ಟಿಗೆ ಮಾಡಿದರು, ಎಷ್ಟೋ ಸಲ ಗುಂಡಿಯನ್ನೂ ತಾವೇ ತೋಡಿದರು. ವಾರಕ್ಕೆ ಕೆಲವು ಸಾವುಗಳು ಮಾಮೂಲು. ಬೆಳಿಗ್ಗೆ ಪೂಜೆ, ಆಮೇಲೆ ಗರಗಸ.

ಆ ಚರ್ಚಿನ ನೆಲದ ಬಗ್ಗೆ ಹೇಳದಿದ್ದರೆ ಈ ಬರಹವೇ ದಂಡ. ರೋಗ ಬಾಯಿ ಗಂಟಲಿಗೆ ಏರಿದವರಿಗೆ ಎಂಜಲು ತಡೆಯಲು ಆಗುತ್ತಿರಲಿಲ್ಲ. ಚರ್ಚಿನ ಒಳಗೆ ಉಗುಳಬೇಕಾಗುತ್ತದೆ ಎಂಬ ನಾಚಿಕೆಗೆ ಅವರು ಬರುವುದನ್ನೇ ಬಿಟ್ಟಿದ್ದರು, ಹೊರಗೆ ನಿಂತು ಕಿಟಕಿಯಿಂದ ಕೇಳುತ್ತಿದ್ದರು. ಡೇಮಿಯನ್ ಈ ಬಗ್ಗೆ ಯಾರಿಗೂ ಉಪದೇಶ ಕೊಡಲಿಲ್ಲ. ಗರಗಸ ತಂದು, ಬೆಂಚುಗಳ ಮಧ್ಯೆ ಮರದ ನೆಲದಲ್ಲಿ ಚೌಕಾಕಾರದ ತೂತುಗಳನ್ನು ಕೊಯ್ದರು. ಎಲೆಯನ್ನು ಕೊಳವೆಯಂತೆ ಸುತ್ತಿ ಆ ತೂತಿಗೆ ಇಟ್ಟುಕೊಂಡರೆ ಉಗುಳು ಸೀದಾ ಕೆಳಗಿನ ಮಣ್ಣಿಗೆ. ಹೊರಗೆ ನಿಂತವರು ಒಳಗೆ ಬಂದು ಕೂತರು. ಬಳಸುವವರನ್ನು ಕೇಳಿ ವಿನ್ಯಾಸ ಮಾಡಬೇಕು ಅಂತ ನಮಗೆ ಐದನೇ ಸೆಮಿಸ್ಟರಿನಲ್ಲಿ ಸ್ಲೈಡ್ ತೋರಿಸುತ್ತಾರೆ. ನಾವು ನೋಡಿದ ಯಾವ ಸ್ಲೈಡಿಗಿಂತಲೂ ಈ ತೂತುಗಳೇ ನಮಗೆ ಚೆನ್ನಾಗಿ ಅರ್ಥವಾದವು. ಅವು ಈಗಲೂ ಆ ಚರ್ಚಿನಲ್ಲಿವೆ.

ಯೇಸು ತನ್ನ ಶಿಷ್ಯರಿಗೆ ಕೊಟ್ಟ ಎಲ್ಲ ಮಾತುಗಳನ್ನೂ ಎರಡಕ್ಕೆ ಇಳಿಸಿದ್ದ. ದೇವರನ್ನು ಪ್ರೀತಿಸುವುದು, ಪಕ್ಕದವನನ್ನು ತನ್ನಂತೆಯೇ ಪ್ರೀತಿಸುವುದು. ಪಕ್ಕದವನು ಯಾರು ಅಂತ ಕೇಳಿದ ಪಂಡಿತನಿಗೆ ಆತ ದಾರಿಯಲ್ಲಿ ಗಾಯಗೊಂಡು ಬಿದ್ದವನ ಕಥೆ ಹೇಳಿದ. ಬಳಿಗೆ ಹೋಗಿ ಗಾಯ ಕಟ್ಟಿದವನು ಪೂಜಾರಿಯಲ್ಲ, ಜನ ಕೀಳಾಗಿ ಕಾಣುತ್ತಿದ್ದ ಸಮಾರ್ಯದವನು. ಕ್ರೈಸ್ತ ಬದುಕಿನ ನಡುಗಂಬ ಇದೇ ಅಂತ ಎಲ್ಲ ಪಂಗಡದವರೂ ಒಪ್ಪುತ್ತಾರೆ. ಒಪ್ಪುವುದು ಸುಲಭ. ಡೇಮಿಯನ್ ಇದರ ಬಗ್ಗೆ ದೊಡ್ಡ ಗ್ರಂಥ ಬರೆದವರಲ್ಲ, ದೊಡ್ಡ ವಾಗ್ಮಿಯೂ ಅಲ್ಲ. ಅವರು ಮಾಡಿದ್ದು ವ್ಯಾಕರಣದ ಒಂದು ಸಣ್ಣ ಬದಲಾವಣೆ. ಅಲ್ಲಿಗೆ ಹೋದ ವರ್ಷವೇ, ಮೈಯಲ್ಲಿ ಯಾವ ರೋಗವೂ ಇಲ್ಲದಾಗಲೇ, ಪ್ರವಚನದಲ್ಲಿ ರೋಗಿಗಳನ್ನು ನೀವು ಅನ್ನುವುದನ್ನು ಬಿಟ್ಟು ನಾವು ಕುಷ್ಠರೋಗಿಗಳು ಅನ್ನತೊಡಗಿದರು. ಇದನ್ನು ಅಣ್ಣನಿಗೆ ಬರೆದ ಕಾಗದದಲ್ಲಿ ತಾವೇ ತಿಳಿಸಿದ್ದಾರೆ. ರೋಗ ಗೊತ್ತಾದ ದಿನ ಮೊದಲ ಸಲ ಹಾಗಂದರು ಎಂಬ ಕಥೆ ಚೆನ್ನಾಗಿದೆ, ಆದರೆ ನಿಜವಾದದ್ದು ಹೆಚ್ಚು ಗಟ್ಟಿ ಅನ್ನಿಸುತ್ತದೆ ನಮಗೆ.

ಇದರ ಬೆಲೆ ಏನು ಅಂತಲೂ ನೋಡಬೇಕು. ರೋಗಿಗಳ ಜೊತೆ ಇರುವವರು ಹೊರಗೆ ಹೋಗುವಂತಿಲ್ಲ ಎಂದು ಮಂಡಳಿ ನಿಯಮ ಮಾಡಿತು. ಒಂದು ಸಲ ಅವರ ಸಭೆಯ ಮೇಲಿನವರು ಹಡಗಿನಲ್ಲಿ ಬಂದರು. ದಡಕ್ಕೆ ಇಳಿಯಲು ಕ್ಯಾಪ್ಟನ್ ಬಿಡಲಿಲ್ಲ. ಡೇಮಿಯನ್ ದೋಣಿಯಲ್ಲಿ ಹಡಗಿನ ಪಕ್ಕಕ್ಕೆ ಹೋದರು, ಹತ್ತಲು ಬಿಡಲಿಲ್ಲ. ಕ್ಯಾಥೊಲಿಕರಿಗೆ ಪಾಪನಿವೇದನೆ ಗುಟ್ಟಾಗಿ, ಕಿವಿಯಲ್ಲಿ ಹೇಳುವಂಥದ್ದು. ಕೆಳಗೆ ದೋಣಿಯಲ್ಲಿ ನಿಂತು, ಮೇಲೆ ಕಟಕಟೆ ಹಿಡಿದು ನಿಂತವರಿಗೆ, ತಮ್ಮ ಪಾಪಗಳನ್ನೆಲ್ಲ ಫ್ರೆಂಚಿನಲ್ಲಿ ಕೂಗಿ ಹೇಳಿದರು. ಹವಾಯಿಯಲ್ಲಿ ಅವರಿಗೆ ಬಂದ ಎಲ್ಲ ಸಂಕಟಗಳಲ್ಲಿ ಒಂಟಿತನವೇ ದೊಡ್ಡದು, ಹುಣ್ಣಿನ ವಾಸನೆಯಲ್ಲ.

ಇವರೇನು ಸುಲಭದ ಮನುಷ್ಯರಾಗಿರಲಿಲ್ಲ. ಮುಂಗೋಪಿ, ಹಟಮಾರಿ. ಸಾರಾಯಿ ಕಾಯಿಸುವ ಕಡೆ ಬೆತ್ತ ಹಿಡಿದು ನುಗ್ಗಿ ಮಡಕೆ ಉರುಳಿಸುತ್ತಿದ್ದರು. ಆರೋಗ್ಯ ಮಂಡಳಿಗೆ ಇವರ ಕಾಗದ ಬಂದರೆ ತಲೆನೋವು. ಜೊತೆಗೆ ಬಂದ ಕೆಲವು ಪಾದ್ರಿಗಳ ಜೊತೆ ಹೊಂದಲಿಲ್ಲ. ಲಂಡನ್ನಿನ ಆಂಗ್ಲಿಕನ್ ಪಾದ್ರಿ ಹ್ಯೂ ಚಾಪ್‌ಮನ್ ಸುಮಾರು 1000 ಪೌಂಡ್ ಸಂಗ್ರಹಿಸಿ ಕಳಿಸಿದಾಗ, ಇವರದೇ ಸಭೆಯ ಮೇಲಿನವರಿಗೆ ಇರುಸುಮುರುಸು. ನಾವು ಏನೂ ಕೊಡುತ್ತಿಲ್ಲ ಎಂಬ ಹಾಗೆ ಆಯಿತಲ್ಲ, ಈತ ಹೆಸರಿಗಾಗಿ ಮಾಡುತ್ತಿದ್ದಾನೆ ಅಂತ. ಹೊರಗಿನವರ ಹೊಗಳಿಕೆ, ಒಳಗಿನವರ ಮುನಿಸು. 1881ರಲ್ಲಿ ರಾಜ ಪ್ರವಾಸದಲ್ಲಿದ್ದಾಗ ಆಡಳಿತ ನೋಡುತ್ತಿದ್ದ ರಾಜಕುಮಾರಿ ಲಿಲಿಯುಓಕಲಾನಿ ಕಲಾವಾವೊಗೆ ಬಂದರು. ಭಾಷಣ ಮಾಡಲು ನಿಂತವರು ಎದುರಿಗಿದ್ದ ಜನರನ್ನು ನೋಡಿ ಅತ್ತುಬಿಟ್ಟರು, ಮಾತೇ ಹೊರಡಲಿಲ್ಲ. ಆಮೇಲೆ ಡೇಮಿಯನ್ನರಿಗೆ ರಾಜ ಪದಕ ಕಳಿಸಿದರು. ಅದನ್ನು ಅವರು ಹಾಕಿಕೊಂಡದ್ದು ಕಡಿಮೆ.

1884ರ ಡಿಸೆಂಬರಿನಲ್ಲಿ ಒಂದು ದಿನ ದಣಿದು ಬಂದು ಕಾಲು ನೆನೆಸಲು ನೀರಿಗೆ ಇಟ್ಟರು. ನೀರು ಕುದಿಯುವಷ್ಟು ಬಿಸಿ ಇತ್ತು. ಚರ್ಮ ಬೊಬ್ಬೆ ಎದ್ದಿತು, ನೋವು ಮಾತ್ರ ಆಗಲಿಲ್ಲ. ಕುಷ್ಠದ ಬ್ಯಾಕ್ಟೀರಿಯಾ ನರಗಳನ್ನು ತಿನ್ನುತ್ತದೆ. ನೋವು ಎಂಬ ಸೆನ್ಸರ್ ಸತ್ತಿರುತ್ತದೆ, ಬೆರಳುಗಳು ಹಾಳಾಗುವುದೂ ಹೆಚ್ಚಾಗಿ ಅದರಿಂದಲೇ. ಅವರಿಗೆ ಪರೀಕ್ಷೆ ಬೇಕಿರಲಿಲ್ಲ, ಡಾಕ್ಟರ್ ಆರ್ನಿಂಗ್ ಖಚಿತಪಡಿಸಿದರು. ಒಂದು ವಿಚಿತ್ರ ನೋಡಿ, ಡೇಮಿಯನ್ ಮೊಲೊಕಾಯಿಗೆ ಇಳಿದ 1873ರಲ್ಲೇ, ಭೂಮಿಯ ಇನ್ನೊಂದು ಕಡೆ ನಾರ್ವೆಯಲ್ಲಿ ಹ್ಯಾನ್ಸೆನ್ ಎಂಬ ವೈದ್ಯ ಈ ಬ್ಯಾಕ್ಟೀರಿಯಾವನ್ನು ಮೈಕ್ರೋಸ್ಕೋಪಿನಲ್ಲಿ ಗುರುತಿಸಿದ್ದ. ಗುರುತಿಸಿದರೂ ಔಷಧಿ ಬರಲು ಇನ್ನೂ ಎಪ್ಪತ್ತು ವರ್ಷ ಇತ್ತು.

ಹಾಗಾದರೆ ಡೇಮಿಯನ್ನರದು ಮೊಂಡು ಧೈರ್ಯವೇ? ನಮ್ಮ ಬಳಗದಲ್ಲಿ ಇದರ ಮೇಲೆ ಕ್ಯಾಂಟೀನಿನಲ್ಲಿ ಜೋರು ಜಗಳವೇ ಆಯಿತು. ಕೈ ತೊಳೆದುಕೊಂಡು, ಬೇರೆ ತಟ್ಟೆಯಲ್ಲಿ ತಿಂದು ಇನ್ನೂ ಇಪ್ಪತ್ತು ವರ್ಷ ಸೇವೆ ಮಾಡಬಹುದಿತ್ತಲ್ಲ ಎಂಬುದು ಒಂದು ವಾದ. ಇದಕ್ಕೆ ಸಾಕ್ಷಿಯೂ ಇದೆ. 1883ರಲ್ಲಿ ಅಮೆರಿಕದಿಂದ ಹವಾಯಿಗೆ ಬಂದು, 1888ರಲ್ಲಿ ಕಲಾವುಪಾಪಾಕ್ಕೆ ಬಂದ ಮದರ್ ಮೇರಿಯನ್ ಕೋಪ್ ತಮ್ಮ ಸಿಸ್ಟರುಗಳಿಗೆ ಕೈ ತೊಳೆಯುವ ಕಟ್ಟುನಿಟ್ಟು ಕಲಿಸಿದ್ದರು. ಅವರಲ್ಲಿ ಯಾರಿಗೂ ರೋಗ ಬರುವುದಿಲ್ಲ ಅಂದರು, ಬರಲೂ ಇಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರಾಗಿದ್ದ ಜೋಸೆಫ್ ಡಟನ್ 1886ರಲ್ಲಿ ಡೇಮಿಯನ್ನರ ಸಹಾಯಕ್ಕೆ ಬಂದು 44 ವರ್ಷ ಉಳಿದರು, ಅವರಿಗೂ ಬರಲಿಲ್ಲ. ನೂರಕ್ಕೆ ಸುಮಾರು 95 ಜನರಿಗೆ ಈ ರೋಗ ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ ಅಂತ ಇವತ್ತು ಗೊತ್ತು. ಡೇಮಿಯನ್ ಉಳಿದ ಐವರಲ್ಲಿದ್ದರು. ಇನ್ನೊಂದು ವಾದ ಏನು ಅಂದರೆ, ಏಳು ವರ್ಷದಿಂದ ಯಾರೂ ಮುಟ್ಟದ ಜನರ ಎದುರು ಬೇರೆ ತಟ್ಟೆ ಇಟ್ಟುಕೊಂಡಿದ್ದರೆ ಅವರು ಇವರನ್ನೂ ಬೆತ್ತದ ಡಾಕ್ಟರ ಸಾಲಿಗೆ ಸೇರಿಸುತ್ತಿದ್ದರು. ಮೇರಿಯನ್ ಬರುವ ಹೊತ್ತಿಗೆ ನೀರಿತ್ತು, ಮನೆಯಿತ್ತು, ನಂಬಿಕೆಯೂ ಇತ್ತು. ಜಗಳ ತೀರಲಿಲ್ಲ, ಬೆಲ್ ಹೊಡೆಯಿತು.

ರೋಗ ಗೊತ್ತಾದ ಮೇಲೆ ಅವರು ಕೆಲಸದ ವೇಗ ಹೆಚ್ಚಿಸಿದರು. ಉಳಿದ ದಿನ ಕಡಿಮೆ, ಮುಗಿಸಬೇಕಾದ್ದು ಹೆಚ್ಚು. ಮುಖ ಊದಿತು, ಕಿವಿ ದಪ್ಪವಾಯಿತು, ಕೈ ಸೆಟೆಯಿತು. ಗೋಟೋ ಎಂಬ ಜಪಾನಿ ವೈದ್ಯರ ಬಿಸಿನೀರ ಸ್ನಾನದ ಚಿಕಿತ್ಸೆ ಮಾಡಿ ನೋಡಿದರು. 1888ರ ಡಿಸೆಂಬರಿನಲ್ಲಿ ಎಡ್ವರ್ಡ್ ಕ್ಲಿಫರ್ಡ್ ಎಂಬ ಇಂಗ್ಲಿಷ್ ಚಿತ್ರಕಾರ ಬಂದಾಗ ಅಂಡಮಾನಿನ ಗುರ್ಜನ್ ಮರದ ಎಣ್ಣೆ ತಂದುಕೊಟ್ಟರು. ಸ್ವಲ್ಪ ಹಾಯೆನಿಸಿತು ಅಷ್ಟೇ. ಫಿಲೊಮಿನಾ ಚರ್ಚನ್ನು ಕಲ್ಲಿನಲ್ಲಿ ದೊಡ್ಡದು ಮಾಡುವ ಕೆಲಸ ನಡೆಯುತ್ತಿತ್ತು. ಆಗಲೂ ಕೆಲಸದವರ ಮಧ್ಯೆ ಇವರೇ. 1889ರ ಏಪ್ರಿಲ್ 15, ಈಸ್ಟರ್ ಹಬ್ಬದ ಹಿಂದಿನ ಸೋಮವಾರ, ತೀರಿಕೊಂಡರು. ವಯಸ್ಸು 49. ಬಂದ ದಿನ ಮಲಗಿದ್ದ ಅದೇ ಕೇದಗೆ ಮರದ ಕೆಳಗೆ ಹೂಳಿದರು.

ಸತ್ತ ಮೇಲೂ ನೆಮ್ಮದಿ ಸಿಗಲಿಲ್ಲ. ಹೊನೊಲುಲುವಿನ ಪಾದ್ರಿ ಹೈಡ್ ಎಂಬುವರು ಗೆಳೆಯನಿಗೆ ಬರೆದ ಕಾಗದ ಪತ್ರಿಕೆಯಲ್ಲಿ ಅಚ್ಚಾಯಿತು. ಡೇಮಿಯನ್ ಕೊಳಕ, ಹಟಮಾರಿ, ಹೆಂಗಸರ ವಿಷಯದಲ್ಲಿ ನಡತೆ ಸರಿಯಿಲ್ಲದೆ ರೋಗ ತಂದುಕೊಂಡ ಎಂದು ಅದರಲ್ಲಿತ್ತು. ಟ್ರೆಷರ್ ಐಲ್ಯಾಂಡ್ ಬರೆದ ಸ್ಟೀವನ್ಸನ್ ಅದೇ 1889ರ ಮೇ ತಿಂಗಳಲ್ಲಿ ಕಲಾವುಪಾಪಾದಲ್ಲಿ ಒಂದು ವಾರ ಇದ್ದು, ಅಲ್ಲಿಯ ಹುಡುಗಿಯರ ಜೊತೆ ಕ್ರೋಕೆ ಆಡಿ, ಆಮೇಲೆ ಅವರಿಗೆ ಪಿಯಾನೊ ಕಳಿಸಿದ್ದವರು. ಮಾನನಷ್ಟ ಮೊಕದ್ದಮೆಯಲ್ಲಿ ಮನೆಮಠ ಹೋಗಬಹುದು ಅಂತ ಗೊತ್ತಿದ್ದೂ 1890ರಲ್ಲಿ ಹೈಡ್ ಅವರಿಗೆ ಬಹಿರಂಗ ಪತ್ರ ಬರೆದರು. ಸ್ಟೀವನ್ಸನ್ ಕ್ಯಾಥೊಲಿಕ್ ಅಲ್ಲ. ಕೊಳಕು, ಹಟ ಎಲ್ಲವನ್ನೂ ಒಪ್ಪಿಕೊಂಡೇ, ನೀವು ಒಳ್ಳೆಯ ಮನೆಯಲ್ಲಿ ಕೂತಿದ್ದಾಗ ಆತ ಹೋದ ಎಂಬುದಷ್ಟೇ ಅವರ ವಾದದ ತಿರುಳು.

ಡೇಮಿಯನ್ನರ ಸಾವು ನಮ್ಮ ದೇಶದವರೆಗೂ ಬಂತು. ಅವರ ನೆನಪಿಗೆ ಲಂಡನ್ನಿನಲ್ಲಿ ವೇಲ್ಸ್ ರಾಜಕುಮಾರನ ನೇತೃತ್ವದಲ್ಲಿ ಕುಷ್ಠರೋಗ ನಿಧಿ ಆಯಿತು. ಅದರ ದುಡ್ಡಿನಲ್ಲಿ 1890ರಲ್ಲಿ ಭಾರತಕ್ಕೆ ಒಂದು ಆಯೋಗ ಬಂತು. ಊರೂರು ಸುತ್ತಿ, ಇದು ಸುಲಭವಾಗಿ ಅಂಟುವ ರೋಗವಲ್ಲ, ಬಲವಂತವಾಗಿ ಕೂಡಿಹಾಕುವುದು ಬೇಡ ಎಂಬ ಅರ್ಥದ ವರದಿ ಕೊಟ್ಟಿತು. ಲಂಡನ್ನಿನವರಿಗೆ ಅದು ಪಥ್ಯವಾಗಲಿಲ್ಲ. 1898ರಲ್ಲಿ ಬ್ರಿಟಿಷ್ ಸರ್ಕಾರ ಇಲ್ಲಿ ಕುಷ್ಠರೋಗಿಗಳ ಕಾಯಿದೆ ತಂದಿತು. ಅದನ್ನು ರದ್ದು ಮಾಡಿದ್ದು ಯಾವಾಗ ಗೊತ್ತೇ? 2016ರಲ್ಲಿ. ಕುಷ್ಠ ಇದೆ ಎಂಬ ಕಾರಣಕ್ಕೆ ವಿಚ್ಛೇದನ ಕೇಳಬಹುದಿದ್ದ ಕಲಮುಗಳು ಹೋದದ್ದು 2019ರಲ್ಲಿ. ಔಷಧಿ 1940ರ ದಶಕದಿಂದಲೇ ಇದೆ.

ಮೊಲೊಕಾಯಿಯ ಕಾನೂನು 1969ರವರೆಗೆ ಇತ್ತು. ಅಷ್ಟರಲ್ಲಿ ಸುಮಾರು 8000 ಜನರನ್ನು ಅಲ್ಲಿಗೆ ಕಳಿಸಿದ್ದರು, ಹೆಚ್ಚಿನವರು ಹವಾಯಿಯ ಮೂಲನಿವಾಸಿಗಳು. ಬೇಲಿ ಹೋದ ಮೇಲೂ ಕೆಲವರು ಬೇರೆಲ್ಲಿಗೂ ಹೋಗದೆ ಅಲ್ಲೇ ಉಳಿದರು, ಅಷ್ಟು ಹೊತ್ತಿಗೆ ಅದೇ ಊರಾಗಿತ್ತು.

1936ರಲ್ಲಿ ಬೆಲ್ಜಿಯಂ ಸರ್ಕಾರ ಡೇಮಿಯನ್ನರ ದೇಹವನ್ನು ಮರ್ಕೇಟರ್ ಎಂಬ ಹಡಗಿನಲ್ಲಿ ತನ್ನ ದೇಶಕ್ಕೆ ತರಿಸಿಕೊಂಡಿತು. ಈಗ ಅದು ಲೂವೆನ್‌ನಲ್ಲಿದೆ. ಹವಾಯಿಯವರಿಗೆ ಇದು ಬಹಳ ನೋವಾಯಿತು. ನಮ್ಮವರನ್ನು ಕಿತ್ತುಕೊಂಡು ಹೋದರು ಅಂತ ರೋಗಿಗಳು ಅತ್ತಿದ್ದರು. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಪುಣ್ಯವಂತರ ಪಟ್ಟಕ್ಕೆ ಏರಿಸಿದಾಗ, 2009ರ ಸಂತ ಪದವಿಗೆ ಇನ್ನೂ 14 ವರ್ಷ ಇರುವಾಗ, ಒಂದು ಒಪ್ಪಂದ ಆಯಿತು. ದೇಹದ ಒಂದು ಭಾಗವನ್ನು ಮೊಲೊಕಾಯಿಗೆ ವಾಪಸ್ ಕಳಿಸುವುದು ಅಂತ. ಕಳಿಸಿದ್ದು ಬಲಗೈಯನ್ನು. ಅದನ್ನು ಫಿಲೊಮಿನಾ ಚರ್ಚಿನ ಪಕ್ಕದ ಹಳೆಯ ಗುಂಡಿಯಲ್ಲೇ ಹೂತಿದ್ದಾರೆ.